ಚಿನ್ನಕ್ಕೆ ಅಂಟದ ಗಾಳಿ

ಗೆರೆ ಚಪ್ಪಟೆಯಾಗಿತ್ತು. ಮಾರೈಕೆ ಯಂತ್ರದಿಂದ ಬಂದ ಕಾಗದವನ್ನು ಮೇಜಿನ ಮೇಲೆ ಹಾಸಿ, ಅದು ಸುರುಳಿ ಸುತ್ತದಂತೆ ಒಂದು ತುದಿಗೆ ಸ್ಪ್ಯಾನರನ್ನೂ ಇನ್ನೊಂದು ತುದಿಗೆ ಗುಡ್ರುನ್‌ಳದೇ ಕಾಫಿ ಬಟ್ಟಲನ್ನೂ ಇಟ್ಟಳು. ಇಡುವ ಮೊದಲು ಬಟ್ಟಲಿನ ತಳವನ್ನು ತನ್ನ ಬಿಳಿ ಕೋಟಿನ ತೋಳಿಗೆ ಒರೆಸಿಕೊಂಡಳು, ಕಾಗದಕ್ಕೆ ಕಲೆಯಾಗದಿರಲಿ ಎಂದು. ಗುಡ್ರುನ್ ಹೋಲ್ಶರ್ ಆ ಒರೆಸುವುದನ್ನೇ ನೋಡುತ್ತ ನಿಂತಳು. ಗೆರೆಯನ್ನು ನೋಡುವುದು ಎಷ್ಟು ತಡವಾದರೆ ಅಷ್ಟು ಒಳ್ಳೆಯದು ಎಂದು ಕಣ್ಣಿಗೇ ಅನ್ನಿಸಿದಂತಿತ್ತು. ಐವತ್ತೇಳು ವರ್ಷದ ಆಕೆಗೆ ಅದನ್ನು ನೋಡಬೇಕಾದ ಅಗತ್ಯವೂ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ ಇದೇ ಉಕ್ಕಿನ ಪಾತ್ರೆಯ ಪಕ್ಕದಲ್ಲಿ, ಇಂಥದೇ ಕಾಗದದ ಮೇಲೆ, ಈ ಗೆರೆಯನ್ನು ಆಕೆ ನೋಡಿಯಾಗಿತ್ತು.

"ಮಾಪಕದ ತಂತಿ ಆರಿಸಿ ಮಾಡ್ದೆ, ಫ್ರಾವ್ ಡಾಕ್ಟರ್," ಎಂದಳು ಮಾರೈಕೆ. ಬಂದು ಎಂಟು ತಿಂಗಳಾಗಿದ್ದ ಸಂಶೋಧನಾ ವಿದ್ಯಾರ್ಥಿನಿ. ಮಾತಾಡುವಾಗ ಕೈಬೆರಳ ಗೆಣ್ಣು ಮುರಿಯುವ ಅಭ್ಯಾಸ. "ಮೂರು ಸಲ ಮಾಡ್ದೆ. ತಂತಿ ಉರೀತಾ ಇದ್ರೆ ಗುಡ್ಡ ಏಳುತ್ತೆ. ಆರಿಸಿದ್ರೆ ಏನೂ ಇಲ್ಲ, ನೋಡಿ, ಹೊಲ ಇದ್ದಂಗಿದೆ."

"ಹಾಗಾದ್ರೆ?"

"ಹಾಗಾದ್ರೆ... ಹೈಡ್ರೋಜನ್ನು ತಾನಾಗಿ ಚಿನ್ನಕ್ಕೆ ಅಂಟ್ತಾ ಇಲ್ಲ ಅಂತಾಯ್ತು. ಕಾದ ತಂತಿ ಅದನ್ನ ಒಡೀತಾ ಇದೆ. ಒಡೆದಿದ್ದು ಹೋಗಿ ಅಂಟ್ತಾ ಇದೆ." ಹುಡುಗಿ ಗಡಿಬಿಡಿಯಿಂದ ಮುಂದುವರಿಸಿದಳು. "ಆಗಿನ ಕಾಲದಲ್ಲಿ ಇದು ಯಾರಿಗೂ ಹೊಳೆದಿರೋಕೆ ಸಾಧ್ಯ ಇಲ್ಲ ಬಿಡಿ. ಮಾಪಕದ ಕಡೆ ಯಾರು ನೋಡ್ತಾರೆ? ಗೋಡೆ ಗಡಿಯಾರದ ಮೇಲೆ ಯಾರಾದ್ರೂ ಅನುಮಾನ ಪಡ್ತಾರಾ?"

ಅದು ಕರುಣೆ. ಹುಡುಗಿ ರಾತ್ರಿಯೆಲ್ಲ ಯೋಚಿಸಿ ಆ ಮಾತನ್ನು ಜೋಡಿಸಿಕೊಂಡು ಬಂದಿದ್ದಳೆಂಬುದು ಅವಳ ಕಣ್ಣಿನ ಕೆಳಗಿನ ಕಪ್ಪಿನಿಂದಲೇ ಗೊತ್ತಾಗುತ್ತಿತ್ತು. ಗುಡ್ರುನ್ ಕನ್ನಡಕ ತೆಗೆದು ಒರೆಸಿದಳು. ಕೊಳೆ ಇರಲಿಲ್ಲ. ಮತ್ತೆ ಹಾಕಿಕೊಂಡಳು.

ಚಿನ್ನ ಯಾರನ್ನೂ ಮೈಮೇಲೆ ಬಿಟ್ಟುಕೊಳ್ಳುವ ಲೋಹವಲ್ಲ. ಕಬ್ಬಿಣ, ತಾಮ್ರಗಳು ಆಮ್ಲಜನಕ ತಾಗಿದರೆ ಸಾಕು, ಹಿಡಿದುಕೊಂಡುಬಿಡುತ್ತವೆ. ತುಕ್ಕೋ ಕಿಲುಬೋ ಆಗುತ್ತದೆ. ಚಿನ್ನ ಹಿಡಿಯುವುದಿಲ್ಲ, ಅಜ್ಜಿಯ ಉಂಗುರ ಮೊಮ್ಮಗಳ ಬೆರಳಲ್ಲಿ ಹೊಸದರಂತೆ ಹೊಳೆಯುವುದು ಅದಕ್ಕೇ. ಆಮ್ಲಜನಕವೂ ಹೈಡ್ರೋಜನ್ನೂ ಒಂಟಿಯಾಗಿ ತಿರುಗುವುದಿಲ್ಲ, ಜೋಡಿ ಜೋಡಿಯಾಗಿಯೇ ಓಡಾಡುತ್ತವೆ. ನಿಕ್ಕಲ್ಲಿನಂಥ ಲೋಹ ಆ ಜೋಡಿಯನ್ನು ಒಡೆದು ತನ್ನ ಮೈಗೆ ಹತ್ತಿಸಿಕೊಳ್ಳಬಲ್ಲದು, ಚಿನ್ನ ಸುಮ್ಮನೆ ದಾಟಿಸಿ ಕಳಿಸುತ್ತದೆ. ಎಲ್ಲರೂ ಹಾಗೇ ನಂಬಿದ್ದಾಗ, ಸಾಕಷ್ಟು ತಣ್ಣಗಿಟ್ಟರೆ ಶುದ್ಧ ಚಿನ್ನವೂ ಹೈಡ್ರೋಜನ್ನಿನ ಜೋಡಿಯನ್ನು ಒಡೆಯುತ್ತದೆ ಎಂದು ಬರೆದವಳು ಗುಡ್ರುನ್. ಆರು ಪುಟದ ಪ್ರಬಂಧ. ಸಮ್ಮೇಳನಗಳಲ್ಲಿ ಗಂಡಸರು ಎದ್ದು ಬಂದು ಕೈ ಕುಲುಕಿದ್ದರು. ಅಲ್ಲಿಯವರೆಗೆ ಅವಳನ್ನು ಕಂಡರೆ ಕಾಫಿ ಎಲ್ಲಿ ಸಿಗುತ್ತದೆಂದು ಕೇಳುತ್ತಿದ್ದವರು. ಹೆಬ್ಬೆರಳಿನ ಉಗುರಷ್ಟು ಚಿನ್ನ, ಒಳಗೆ ಏನೂ ಇಲ್ಲದಂತೆ ಗಾಳಿ ಎಳೆದ ಉಕ್ಕಿನ ಪಾತ್ರೆ, ದ್ರವ ಸಾರಜನಕದ ಚಳಿ, ಚಿಟಿಕೆಯಷ್ಟು ಅನಿಲ. ಆಮೇಲೆ ನಿಧಾನವಾಗಿ ಬಿಸಿಮಾಡಬೇಕು. ಏನಾದರೂ ಅಂಟಿದ್ದರೆ ಅದು ಬಿಟ್ಟು ಮೇಲೇಳುತ್ತದೆ, ಕಾಗದದ ಮೇಲೆ ಲೇಖನಿ ಗುಡ್ಡ ಬರೆಯುತ್ತದೆ. ಪಾತ್ರೆ ಎಷ್ಟು ಖಾಲಿಯಿದೆ ಎಂದು ತೋರಿಸುವ ಮಾಪಕದೊಳಗೆ ಕೂದಲಿನಷ್ಟು ತೆಳುವಾದ ತಂತಿ ಕೆಂಪಗೆ ಉರಿಯುತ್ತಿರುತ್ತದೆ, ಚಿನ್ನಕ್ಕೆ ನೇರ ಎದುರಾಗಿ. ಜೋಡಿಯನ್ನು ಒಡೆದದ್ದು ಅದು.

ಯಾರಿಗೂ ಹೊಳೆದಿರೋಕೆ ಸಾಧ್ಯ ಇಲ್ಲ ಬಿಡಿ. ಎಪ್ಪತ್ತೈದರ ಮಾರ್ಚಿನಲ್ಲಿ, ಪ್ರಬಂಧವನ್ನು ಅಂಚೆಗೆ ಹಾಕಿದ ಐದನೇ ದಿನ, ಊಟದ ಹೊತ್ತಿಗೆ, ಯಂತ್ರ ನೋಡಿಕೊಳ್ಳುತ್ತಿದ್ದ ಮುದುಕ ಓಲ್ಟ್‌ಮನ್ ತಂತಿ ಸವೆಯದಿರಲಿ ಎಂದು ಮಾಪಕವನ್ನು ಆರಿಸಿದ್ದ. ಅದು ತಿಳಿಯದೆ ಗುಡ್ರುನ್ ಇನ್ನೊಂದು ಸಲ ಪ್ರಯೋಗ ಮಾಡಿದಳು. ಗೆರೆ ಚಪ್ಪಟೆಯಾಗಿ ಬಂತು. ಅವಳು ದಾಖಲೆ ಪುಸ್ತಕದಲ್ಲಿ ಬರೆದಳು: ಮಾದರಿ ಕೊಳಕು, ಈ ಪ್ರಯೋಗವನ್ನು ಪರಿಗಣಿಸಬಾರದು. ಮರುದಿನ ನೋಡಿದರೆ ಅದರ ಕೆಳಗೆ ಓಲ್ಟ್‌ಮನ್ ಪೆನ್ಸಿಲಿನಲ್ಲಿ, ಕ್ಷಮೆ ಕೇಳುವವನಂತೆ ಸಣ್ಣ ಅಕ್ಷರದಲ್ಲಿ ಬರೆದಿದ್ದ: ಮಾಪಕ ಆರಿಸಿತ್ತು, ನನ್ನಿಂದಾಗಿದ್ದು. ಅದನ್ನು ಓದಿ ಎಲ್ಲ ತಿಳಿಯಲು ಎಷ್ಟು ಹೊತ್ತು ಬೇಕಾಯಿತು? ಕಿಟಕಿಯಾಚೆ ಸೈಕಲ್ಲೊಂದು ಅಂಗಳ ದಾಟಿ ಹೋಗುವಷ್ಟು. ಆಮೇಲೆ ಪುಟ ಮಗುಚಿದಳು. ಇನ್ನೊಂದು ಸಲ ಪರೀಕ್ಷಿಸಿದರಾಯಿತು ಎಂದುಕೊಂಡಳು. ಪರೀಕ್ಷಿಸಲಿಲ್ಲ. ಮೇ ತಿಂಗಳಲ್ಲಿ ಪ್ರಬಂಧ ಅಚ್ಚಾಯಿತು, ಓಲ್ಟ್‌ಮನ್ ಹೂಗುಚ್ಛ ತಂದುಕೊಟ್ಟ. ಅವನ ಕಣ್ಣಲ್ಲಿ ಏನಾದರೂ ಇದೆಯೇ ಎಂದು ಅವಳು ಹುಡುಕಿದಳು. ಏನೂ ಇರಲಿಲ್ಲ, ಟುಲಿಪ್ ಹೂವನ್ನು ನೀರಿಗೆ ಬೇಗ ಹಾಕಿ ಎಂದಷ್ಟೇ ಹೇಳಿದ.

"ಸರಿಯಾಗಿ ಮಾಡಿದೀರಿ," ಎಂದಳು ಮಾರೈಕೆಗೆ. "ತುಂಬ ಚೊಕ್ಕ ಕೆಲಸ."

ಹುಡುಗಿಯ ಮುಖ ಅರಳಿತು. ಬೈಸಿಕೊಳ್ಳಲು ಸಿದ್ಧವಾಗಿ ಬಂದಿದ್ದವಳು. "ಸೋಮವಾರದ ಸಭೇಲಿ ನೀವೇ ಹೇಳಿಬಿಡಿ, ಫ್ರಾವ್ ಡಾಕ್ಟರ್. ನಾನು ಹೇಳಿದ್ರೆ ಚೆನ್ನಾಗಿರಲ್ಲ. ಪತ್ರಿಕೆಗೆ ಒಂದು ತಿದ್ದುಪಡಿ ಕರಡು ಮಾಡಿದೀನಿ, ನೋಡ್ತೀರಾ?" ನಾಲ್ಕೇ ಸಾಲು. ಹಿಂದಿನ ಪ್ರಬಂಧದಲ್ಲಿ ವರದಿಯಾದ ಫಲಿತಾಂಶಕ್ಕೆ ಮಾಪಕದ ತಂತಿ ಕಾರಣವೆಂಬುದು ಇತ್ತೀಚೆಗೆ ಲೇಖಕಿಯ ಗಮನಕ್ಕೆ ಬಂದಿದೆ.

ಇತ್ತೀಚೆಗೆ. ಗುಡ್ರುನ್ ಆ ಪದದ ಮೇಲೆ ಬೆರಳಿಟ್ಟಳು. ಒಂದು ಸಹಿ ಹಾಕಿದರೆ ಮುಗಿಯಿತು. ಜನ ಮೆಚ್ಚುವುದೂ ಉಂಟು, ನೋಡಿ, ಈ ವಯಸ್ಸಿನಲ್ಲೂ ತನ್ನ ತಪ್ಪನ್ನು ತಾನೇ ಒಪ್ಪಿಕೊಂಡಳು ಎಂದು. ಓಲ್ಟ್‌ಮನ್ ಸತ್ತು ನಾಲ್ಕು ವರ್ಷ. ಪೆನ್ಸಿಲಿನ ಗುರುತು ಇದ್ದ ಪುಸ್ತಕ ಅವಳ ಕಪಾಟಿನಲ್ಲೇ ಇದೆ, ಬೀಗದ ಕೈ ಅವಳ ಕೈಚೀಲದಲ್ಲೇ ಇದೆ. "ಇದನ್ನ ನನ್ ಹತ್ರ ಬಿಟ್ಟಿರಿ," ಎಂದಳು.

ಹನ್ನೊಂದಕ್ಕೆ ಕಾಫಿ. ಉದ್ದ ಮೇಜಿನ ಸುತ್ತ ಎಲ್ಲರೂ ಸೇರಿದ್ದರು. ಆ ವಾರ ಫೋಲ್ಕರ್ ತಪ್ಪು ಕವಾಟ ತಿರುಗಿಸಿ ಪಾತ್ರೆಯೊಳಗೆ ಗಾಳಿ ಬಿಟ್ಟಿದ್ದ. ಗಾಳಿ ಬಿಟ್ಟವರು ಕೇಕು ತರಬೇಕೆಂಬುದು ಇಲ್ಲಿನ ಪದ್ಧತಿ. ಮತ್ತೆ ಖಾಲಿ ಮಾಡುವುದಕ್ಕೆ ಒಂದು ವಾರ ಪಾತ್ರೆಯನ್ನು ಬಿಸಿಯಾಗಿಟ್ಟು ಬೇಯಿಸಬೇಕಾಗುತ್ತದೆ, ಆ ವಾರದ ದಂಡ ಅದು.

"ಅಂಗಡಿ ಕೇಕು!" ಎಂದು ಯಾರೋ ಕೂಗಿದರು. "ನಾಚಿಕೆಯಾಗಲ್ವೇನಪ್ಪ ನಿಂಗೆ? ಪಾತ್ರೆ ಕೆಡಿಸಿದ್ದೂ ಅಲ್ದೆ ನಮ್ಮ ಹೊಟ್ಟೇನೂ ಕೆಡಿಸ್ತೀಯಾ?"

"ನಾನೇ ಮಾಡಿದ್ರೆ ನಿಮ್ಮನ್ನೂ ಒಂದು ವಾರ ಬೇಯಿಸ್ಬೇಕಾಗಿ ಬರ್ತಿತ್ತು," ಎಂದ ಫೋಲ್ಕರ್. ಎಲ್ಲರೂ ನಕ್ಕರು. ಗುಡ್ರುನ್‌ಳ ಮುಂದೆ ಅಂಚಿನ ದೊಡ್ಡ ತುಂಡನ್ನು ಇಟ್ಟರು. ಅವಳಿಗೆ ಅಂಚು ಇಷ್ಟವೆಂದು ಇವರು ಯಾವಾಗ ಗಮನಿಸಿದರೋ. ಮುಳ್ಳುಚಮಚ ಕೈಯಲ್ಲಿ ಹಾಗೇ ಉಳಿಯಿತು. ಐದು ವರ್ಷದ ಹಿಂದೆ ಬಿಟ್ಟುಹೋದ ಅವಳ ವಿದ್ಯಾರ್ಥಿ ಡೆಟ್ಲೆಫ್ ವೀಬುಷ್ ಎಂದೂ ಅಂಗಡಿ ಕೇಕು ತಂದವನಲ್ಲ. ತಗಡಿನ ಡಬ್ಬಿ, ಅದರ ಮೇಲೆ ನೀಲಿ ಚೌಕುಳಿಯ ಬಟ್ಟೆ, ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದ. ಸೆಪ್ಟೆಂಬರಿನಲ್ಲಿ ಪ್ಲಮ್ಮಿನದು, ಚಳಿಗಾಲಕ್ಕೆ ಗಸಗಸೆಯದು. ಅಮ್ಮ ಮಾಡಿಕೊಟ್ಟಳು ಎನ್ನುತ್ತಿದ್ದ. ನಾಲ್ಕು ವರ್ಷದಲ್ಲಿ ಹದಿನೇಳು ಕೇಕು, ಅದನ್ನು ತಮಾಷೆಗೆ ಗೋಡೆಯ ಮೇಲೆ ಗೀಟು ಹಾಕಿ ಎಣಿಸುತ್ತಿದ್ದರು. ಅವನು ಒಮ್ಮೆಯೂ ತಪ್ಪು ಕವಾಟ ತಿರುಗಿಸಲಿಲ್ಲ. ಹದಿನೇಳು ಸಲವೂ ಪಾತ್ರೆ ತೆರೆಸಿದವಳು ಗುಡ್ರುನ್. ಚಿನ್ನ ಕೊಳಕಾಗಿದೆ, ತೆಗೀರಿ, ಉಜ್ಜಿ, ಮತ್ತೆ ಹಾಕಿ. ಅವನು ತೆಗೆದ, ಉಜ್ಜಿದ, ಮತ್ತೆ ಹಾಕಿದ, ಮತ್ತೆ ಗೆರೆ ಚಪ್ಪಟೆ. ಎರಡನೇ ವರ್ಷದಲ್ಲಿ ಒಂದು ದಿನ ಇದೇ ಮೇಜಿನ ಮುಂದೆ, ಎಲ್ಲರೂ ಇರುವಾಗ, "ನಿಮ್ಮ ಕೈ ಸ್ವಚ್ಛ ಇಲ್ಲ, ವೀಬುಷ್. ಕೆಲವರಿಗೆ ಈ ಕೆಲಸ ಒಗ್ಗಲ್ಲ," ಎಂದಿದ್ದಳು. ಎಂದು, ಅವನ ತಾಯಿಯ ಗಸಗಸೆ ಕೇಕಿನ ಎರಡನೇ ತುಂಡನ್ನು ತಟ್ಟೆಗೆ ಹಾಕಿಕೊಂಡಿದ್ದಳು. ಚೆನ್ನಾಗಿತ್ತು. ಈಗಲೂ ಆ ರುಚಿ ನೆನಪಿದೆ, ನಾಲಿಗೆಗೆ ಮಾನವಿಲ್ಲ.

ಅವನಿಗೆ ಯಾಕೆ ಗುಡ್ಡ ಏಳುತ್ತಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವನ ಕೆಲಸ ಹೈಡ್ರೋಜನ್ನಿನ ಜೊತೆಗೆ ಆಮ್ಲಜನಕವನ್ನೂ ಚಿನ್ನದ ಮೇಲೆ ಕೂರಿಸುವುದು. ಆಮ್ಲಜನಕ ಕಾದ ತಂತಿಯನ್ನು ತಿಂದುಹಾಕುತ್ತದೆ. ಹಳ್ಳಿಯಿಂದ ಬಂದ ಹುಡುಗ, ಸಾಮಾನು ಹಾಳುಮಾಡಬಾರದೆಂದು ಬೆಳೆಸಿದ್ದರು. ಅನಿಲ ಬಿಡುವ ಮೊದಲು ಪ್ರತಿ ಸಲವೂ ಮಾಪಕ ಆರಿಸುತ್ತಿದ್ದ. ಆರಿಸಿದೆ ಎಂದು ಪುಸ್ತಕದಲ್ಲಿ ದುಂಡಗೆ ಬರೆಯುತ್ತಿದ್ದ. ಪ್ರತಿ ಶುಕ್ರವಾರ ಅವಳು ಆ ಪುಟಗಳಿಗೆ ಸಹಿ ಹಾಕುತ್ತಿದ್ದಳು. ಆರಿಸಬೇಡಿ ಎಂದು ಹೇಳಿದ್ದರೆ ಅವನಿಗೆ ಗುಡ್ಡ ಸಿಗುತ್ತಿತ್ತು, ಪದವಿ ಸಿಗುತ್ತಿತ್ತು, ಆದರೆ ಯಾಕೆ ಎಂದು ಕೇಳಿಬಿಡುತ್ತಿದ್ದ. ಯಾಕೆ ಎಂದು ಕೇಳುವ ಜಾತಿಯ ಹುಡುಗ. ಎಂಬತ್ತೊಂದರ ಬೇಸಿಗೆಯಲ್ಲಿ, ತನ್ನಿಂದಾಗದು ಎಂದು ಅವನಾಗಿಯೇ ಬಂದು ಹೇಳಿದ. ಯಂತ್ರವನ್ನು ಒರೆಸಿಟ್ಟು ಹೋದ.

"ಮೈ ಸರಿ ಇಲ್ವಾ?" ಎಂದು ಮಾರೈಕೆ ಮೆಲ್ಲಗೆ ಕೇಳಿದಳು. "ಮುಖ ಬಿಳಿಚಿಕೊಂಡಿದೆ. ಕಿಟಕಿ ತೆಗೀಲಾ?"

"ಸ್ವಲ್ಪ ಹೊರಗೆ ಹೋಗ್ಬೇಕು," ಎಂದು ಗುಡ್ರುನ್ ಎದ್ದಳು. ಹುಡುಗಿ ತನ್ನ ಶಾಲನ್ನೇ ತೆಗೆದು ಅವಳ ಕೈಗಿತ್ತಳು. ಹೊರಗೆ ಗಾಳಿ ಚುಚ್ಚುತ್ತದೆ ಎಂದಳು.

ಎಲ್ಲಿಗೆ ಹೋಗುತ್ತಿದ್ದೇನೆಂದು ಬಸ್ ನಿಲ್ದಾಣಕ್ಕೆ ಬಂದ ಮೇಲೆ ಅವಳಿಗೆ ತಿಳಿಯಿತು. ವೀಬುಷ್ ಈಗ ತನ್ನೂರಿನ ಹಾಲಿನ ಡೈರಿಯಲ್ಲಿ ಕೊಬ್ಬು ಪರೀಕ್ಷಿಸುವ ಕೆಲಸದಲ್ಲಿದ್ದಾನೆಂದು ಯಾರೋ ಹೇಳಿದ್ದರು. ಒಂದು ಗಂಟೆಯ ದಾರಿ. ಹೊಲಗಳಲ್ಲಿ ನವೆಂಬರಿನ ಮಂಜು, ಕಿತ್ತ ಬೀಟುಗಡ್ಡೆಯ ರಾಶಿಗಳು. ಕಿಟಕಿಯ ಗಾಜಿನಲ್ಲಿ ಅವಳ ಮುಖವೂ ಹೊಲದ ಜೊತೆ ಓಡುತ್ತಿತ್ತು. ಅದನ್ನು ನೋಡದಿರಲೆಂದು ಕೈಚೀಲದೊಳಗೆ ಏನೋ ಹುಡುಕಿದಳು. ಏನು ಹೇಳುವುದು? ತಪ್ಪು ಪ್ರಬಂಧದ್ದು, ನಿಮ್ಮದಲ್ಲ. ಇದು ಈಗ ತಿಳಿಯಿತು. ಈಗ ಎಂದರೆ ಸಾಕು, ಉಳಿದದ್ದೆಲ್ಲ ಸಲೀಸು. ಈಗ ತಿಳಿದ ಕೂಡಲೇ ಬಸ್ಸು ಹತ್ತಿ ಬಂದ ಗುರುವಿಗಿಂತ ಒಳ್ಳೆಯ ಗುರು ಯಾರಿದ್ದಾರೆ? ಹಾಗೆ ಯೋಚಿಸುತ್ತಿರುವಾಗಲೇ ತನ್ನ ಮುಖದ ಮೇಲೆ ಒಳ್ಳೆಯ ಗುರುವಿನ ಮುಗುಳುನಗೆಯೊಂದು ಮೂಡುತ್ತಿರುವುದು ಗಾಜಿನಲ್ಲಿ ಕಾಣಿಸಿತು. ಪಕ್ಕದ ಹೆಂಗಸು ಪರಿಚಯದವರೆಂದು ತಿಳಿದು ತಿರುಗಿ ನಕ್ಕಳು. ಗುಡ್ರುನ್‌ಳ ಕಿವಿ ಬಿಸಿಯಾಯಿತು.

ಮನೆ ಡೈರಿಯ ಹಿಂದೆಯೇ ಇತ್ತು, ಕೆಂಪಿಟ್ಟಿಗೆಯದು, ಕೊಟ್ಟಿಗೆಗೆ ತಾಗಿಕೊಂಡು. ಬಾಗಿಲು ತೆರೆದ ಮುದುಕಿಯ ಏಪ್ರನ್ನಿನ ತುಂಬ ಹಸಿರು ಎಲೆಯ ಚೂರು. ಹಿಂದಿನ ದಿನ ಮೊದಲ ಹಿಮ ಬಿದ್ದಿತ್ತು. ಹಿಮ ತಾಗಿದ ಮೇಲೇ ಸಿಹಿಯಾಗುವ ಸುಕ್ಕೆಲೆಯ ಕೋಸನ್ನು ಕಿತ್ತು, ಅಡಿಗೆ ಕೋಣೆಯಲ್ಲಿ ದಂಟಿನಿಂದ ಎಲೆ ಬಿಡಿಸುತ್ತಿದ್ದಳು.

"ನಾನು ಗುಡ್ರುನ್ ಹೋಲ್ಶರ್. ವಿಶ್ವವಿದ್ಯಾಲಯದಿಂದ."

"ಅಯ್ಯೋ ದೇವ್ರೇ, ಫ್ರಾವ್ ಡಾಕ್ಟರ್!" ಡೆಟ್ಲೆಫ್‌ನ ತಾಯಿ ಫ್ರಾವ್ ವೀಬುಷ್ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಚಾಚಿದಳು, ಚಾಚಿದ್ದನ್ನು ಹಿಂತೆಗೆದು ಮತ್ತೊಮ್ಮೆ ಒರೆಸಿಕೊಂಡಳು. "ಬನ್ನಿ ಬನ್ನಿ. ಮನೆ ನೋಡ್ಬೇಡಿ, ಇವತ್ತು ಕೋಸಿನ ದಿನ. ಡೆಟ್ಲೆಫ್ ಬರೋದು ಮೂರಕ್ಕೆ. ಕೂತ್ಕೊಳಿ. ಆ ಕುರ್ಚಿ ಬೇಡ, ಅದು ಬೆಕ್ಕಿಂದು, ಕೋಟಿಗೆಲ್ಲ ಕೂದಲಾಗುತ್ತೆ."

ಗುಡ್ರುನ್ ಕುಳಿತಳು. ಸುಮ್ಮನೆ ಕೂರಲು ಆಗದೆ ಬುಟ್ಟಿಯಿಂದ ಒಂದು ದಂಟು ತೆಗೆದುಕೊಂಡಳು. ಮುದುಕಿ ಬೇಡವೆನ್ನಲಿಲ್ಲ, ಮಾತಿಲ್ಲದೆ ಬಾಂಡಲೆಯನ್ನು ಇಬ್ಬರ ನಡುವೆ ಸರಿಸಿದಳು. ಅವಳು ಒಂದೇ ಎಳೆತಕ್ಕೆ ಎಲೆ ಬಿಡಿಸುತ್ತಿದ್ದಳು, ಗುಡ್ರುನ್‌ಳ ಎಲೆಗಳು ಹರಿದು ಚಿಂದಿಯಾಗುತ್ತಿದ್ದವು.

"ಹಂಗಲ್ಲ, ಬುಡದಿಂದ ಮೇಲಕ್ಕೆ ಎಳೀರಿ. ಹಾಂ, ಈಗ ಬಂತು ನೋಡಿ." ಸ್ವಲ್ಪ ಹೊತ್ತಿನ ಮೇಲೆ ಹೇಳಿದಳು, "ನಿಮ್ಮ ಮೇಲೆ ಅವನಿಗೆ ಏನೂ ಬೇಜಾರಿಲ್ಲ, ಅದನ್ನ ಯೋಚಿಸ್ಬೇಡಿ. ನಾಲ್ಕು ವರ್ಷ ತಾಳ್ಮೆಯಿಂದ ನೋಡ್ಕೊಂಡ್ರಿ. ಬೇರೆಯವ್ರಾಗಿದ್ರೆ ಮೊದಲನೇ ವರ್ಷವೇ ಓಡಿಸ್ತಿದ್ರು ಅಂತಾನೆ. ತಪ್ಪು ನಮ್ದೇ."

"ನಿಮ್ದು ಹೇಗೆ?"

"ಕೊಟ್ಟಿಗೆ ಮನೆ ಅಲ್ವಾ. ಕೈ ಸ್ವಚ್ಛ ಇಲ್ಲ ಅಂದ್ರಂತೆ ಅಂತ ಒಂದಿನ ಬಂದು ಹೇಳ್ದ. ಮೂರು ದಿನ ಊಟ ಮಾಡ್ಲಿಲ್ಲ. ಆವತ್ತಿಂದ ನಮ್ಮೆಜಮಾನ್ರು ಅವನನ್ನ ಕೊಟ್ಟಿಗೆಗೆ ಬಿಡ್ಲಿಲ್ಲ. ಹಾಲು ಕರೆಯೋಕೂ ಇಲ್ಲ, ಹುಲ್ಲಿಗೂ ಇಲ್ಲ. ಅವರಿಗೆ ಆಗಲೇ ಸೊಂಟನೋವು, ಆದ್ರೂ ಒಬ್ರೇ ಮಾಡಿದ್ರು, ಮಗನ ಕೈ ಕೆಡಬಾರ್ದು ಅಂತ. ನಾನು ಅವನ ಅಂಗಿನೆಲ್ಲ ಬೇರೆ ನೀರಲ್ಲಿ ಒಗೀತಿದ್ದೆ. ಎರಡು ಸಲ ಕುದಿಸ್ತಿದ್ದೆ. ಬೆಣ್ಣೆ ಮುಟ್ಟಿದ ಕೈಯಲ್ಲಿ ಅವನ ಬಟ್ಟೆ ಮುಟ್ತಿರ್ಲಿಲ್ಲ." ಮುದುಕಿ ದಂಟನ್ನು ಪಕ್ಕಕ್ಕೆ ಹಾಕಿದಳು. "ಏನು ಮಾಡಿದ್ರೂ ಹೋಗ್ಲಿಲ್ಲ ನೋಡಿ. ರಕ್ತದಲ್ಲೇ ಇರುತ್ತೇನೋ ಅಂತಿದ್ರು ಎಜಮಾನ್ರು, ಕೊನೇ ತನಕ. ಕೇಕು ಮಾಡುವಾಗ ಮಾತ್ರ ಹೆದರಿಕೆ ಆಗ್ತಿತ್ತು ನಂಗೆ. ಈ ಕೈಯಲ್ಲೇ ತಾನೇ ಮಾಡೋದು? ನೀವೆಲ್ಲ ತಿಂತೀರೋ ಇಲ್ವೋ ಅಂತ."

ಗುಡ್ರುನ್‌ಳ ಕೈ ಎಲೆಯ ಮೇಲೆ ನಿಂತಿತು. ಬಾಂಡಲೆಯಲ್ಲಿ ಎರಡು ರಾಶಿಗಳು ಕಲಸಿಹೋಗಿದ್ದವು, ಇಡೀ ಎಲೆಗಳು ಮುದುಕಿಯವು, ಚಿಂದಿ ಅವಳವು. "ತಿಂದ್ವಿ," ಎಂದಳು. "ಫ್ರಾವ್ ವೀಬುಷ್, ಅವರ ಕೈ ಸ್ವಚ್ಛವಾಗೇ ಇತ್ತು."

"ನೀವು ಒಳ್ಳೆಯವ್ರು, ಅದಕ್ಕೆ ಹಂಗಂತೀರಿ."

"ಅಲ್ಲ. ನಿಮ್ಮ ಮಗ ಮಾಡಿದ್ದೇ ಸರಿ. ಚಿನ್ನಕ್ಕೆ ಏನೂ ಅಂಟಲ್ಲ, ಅವರು ಕಂಡಿದ್ದೂ ಅದನ್ನೇ. ಅಂಟುತ್ತೆ ಅಂತ ಬರೆದಿದ್ದು ನಾನು. ನಂದೇ ತಪ್ಪು. ಒಂದು ತಂತಿ ಉರೀತಾ ಇತ್ತು, ಅದರಿಂದಾದ ತಪ್ಪು. ಅವರು ಜಾಗ್ರತೆಯಿಂದ ಅದನ್ನ ಆರಿಸ್ತಿದ್ರು. ಜಾಗ್ರತೆ ಇದ್ದಿದ್ರಿಂದಲೇ ಅವರು ಸೋತ್ರು."

ಮುದುಕಿ ಅವಳನ್ನೇ ನೋಡಿದಳು. ವಿಜ್ಞಾನ ಅರ್ಥವಾಗದವಳ ನೋಟವಲ್ಲ ಅದು. ಸಂತೆಯಲ್ಲಿ ಹಸುವಿನ ಬಾಯಿ ಬಿಡಿಸಿ ಹಲ್ಲು ನೋಡುವವಳ ನೋಟ. ಆಮೇಲೆ ಅವಳ ಮುಖ ಮೆತ್ತಗಾಯಿತು. ಎದ್ದು ಒಲೆಯ ಮೇಲಿನ ಕಾಫಿಯನ್ನು ಬಗ್ಗಿಸಿ ಗುಡ್ರುನ್‌ಳ ಮುಂದಿಟ್ಟಳು, ಕೆನೆಯ ಜಗ್ಗನ್ನು ಹತ್ತಿರ ಸರಿಸಿದಳು. "ಪಾಪ, ಅದನ್ನ ಹೇಳೋಕೆ ಇಷ್ಟು ದೂರ ಬಂದ್ರಾ ಈ ಚಳೀಲಿ," ಎಂದಳು. "ನಿಮಗೂ ಈಗ ತಾನೇ ಗೊತ್ತಾಯ್ತೇನೋ, ಅಲ್ವಾ? ಗೊತ್ತಾದ ತಕ್ಷಣ ಬಂದ್ರಿ."

ಕಾಫಿಯ ಹಬೆ ಮುಖಕ್ಕೆ ಬಡಿಯುತ್ತಿತ್ತು. ಹೌದು ಎಂದರೆ ಈ ಮುದುಕಿ ಅವಳ ಕೈ ಹಿಡಿದುಕೊಳ್ಳುತ್ತಾಳೆ. ಮೂರಕ್ಕೆ ಮಗ ಬರುತ್ತಾನೆ, ಮೂವರೂ ಕೂತು ಕೋಸು ಬಿಡಿಸುತ್ತಾರೆ, ಅವನ ಮುಖದ ಮೇಲಿಂದ ಐದು ವರ್ಷದ ಭಾರ ಇಳಿಯುತ್ತದೆ, ಯಾರಿಗೂ ನಷ್ಟವಿಲ್ಲ. ಹೌದು ಎನ್ನುವುದು ಒಂದು ದಯೆಯೇ ಆಗಬಹುದು. ಬೇಕೆಂದೇ ಮಾಡಿದ್ದು ಎಂದು ತಿಳಿದರೆ ಇವಳು ಆ ಎರಡು ಸಲ ಕುದಿಸಿದ ಅಂಗಿಗಳನ್ನು ಏನು ಮಾಡಬೇಕು, ಸೊಂಟ ಹಿಡಿದುಕೊಂಡು ಹಾಲು ಕರೆದ ಗಂಡನನ್ನು ಎಲ್ಲಿಡಬೇಕು? ಇವಳಿಗೋಸ್ಕರವಾದರೂ ಹೌದು ಎನ್ನಬೇಕು. ಇವಳಿಗೋಸ್ಕರ! ಹನ್ನೊಂದು ವರ್ಷದಲ್ಲಿ ಎಷ್ಟು ಜನರಿಗೋಸ್ಕರ ಅವಳು ಬಾಯಿ ಮುಚ್ಚಿಕೊಂಡಿದ್ದಳು: ಇಲಾಖೆಗೋಸ್ಕರ, ತನ್ನ ಹಿಂದೆ ಬರಲಿರುವ ಹುಡುಗಿಯರಿಗೋಸ್ಕರ, ಓಲ್ಟ್‌ಮನ್‌ನ ಟುಲಿಪ್ಪಿಗೋಸ್ಕರ.

"ಇಲ್ಲ," ಎಂದಳು. "ಈಗ ಅಲ್ಲ."

"ಮತ್ತೆ ಯಾವಾಗ?"

"ನಿಮ್ಮ ಮಗ ನಮ್ಮಲ್ಲಿಗೆ ಬರೋಕ್ಕಿಂತ ಮುಂಚೆ. ಗೊತ್ತಿದ್ದೇ ನಾನು ಅವರಿಗೆ ಕೈ ಸ್ವಚ್ಛ ಇಲ್ಲ ಅಂದೆ."

ಮುದುಕಿಯ ಕೈ ತನ್ನಷ್ಟಕ್ಕೆ ಒಂದು ದಂಟನ್ನು ಎತ್ತಿಕೊಂಡಿತು, ಬಿಡಿಸಿತು, ಇನ್ನೊಂದನ್ನು ಎತ್ತಿಕೊಂಡಿತು. ಬೈದರೆ ಚೆನ್ನಾಗಿತ್ತು. ಗುಡ್ರುನ್ ಬೈಗುಳಕ್ಕಾಗಿ ಕಾಯುತ್ತಿದ್ದಳು, ಬೈಸಿಕೊಂಡು ಹಗುರಾಗಿ ಬಸ್ಸು ಹತ್ತುವ ಆಸೆ ತನಗಿದೆಯೆಂದು ಕಾಯುತ್ತಿರುವಾಗಲೇ ಅವಳಿಗೆ ಗೊತ್ತಾಗಿ, ಅದಕ್ಕೂ ನಾಚಿಕೆಯಾಯಿತು. ಗೋಡೆಯಾಚೆ ಹಸುವೊಂದು ಸರಪಳಿ ಎಳೆಯಿತು.

ಹಿಂಬಾಗಿಲು ತೆರೆಯಿತು. ಡೆಟ್ಲೆಫ್ ಬೂಟುಗಳನ್ನು ಹೊರಗೆ ಬಿಟ್ಟು, ತಲೆ ತಗ್ಗಿಸಿಕೊಂಡು ಒಳಗೆ ಬಂದವನು, ಯಾರು ಕೂತಿದ್ದಾರೆಂದು ನೋಡದೆ ನೇರ ತೊಟ್ಟಿಗೆ ಹೋಗಿ ನಲ್ಲಿ ತಿರುಗಿಸಿದ. ಕೂದಲು ತೆಳುವಾಗಿತ್ತು. ತೋಳು ಮೊಣಕೈವರೆಗೆ ಮಡಿಸಿ, ಗಟ್ಟಿ ಬ್ರಷ್ಷು ತೆಗೆದುಕೊಂಡು ಉಗುರು, ಬೆರಳ ಸಂದು, ಮಣಿಕಟ್ಟು ಎಂದು ಒಂದೊಂದಾಗಿ ಉಜ್ಜತೊಡಗಿದ. ಚರ್ಮ ಕೆಂಪಾಗಿತ್ತು, ಅಲ್ಲಲ್ಲಿ ಒಡೆದಿತ್ತು. "ಯಾರಮ್ಮ ಬಂದಿರೋದು?" ಎಂದು ಉಜ್ಜುತ್ತಲೇ ಕೇಳಿದ.

ತಾಯಿ ಎದ್ದು ಹೋಗಿ ನಲ್ಲಿ ನಿಲ್ಲಿಸಿದಳು. ಅವನ ಕೈಯಿಂದ ಬ್ರಷ್ಷನ್ನು ತೆಗೆದು ಕಿಟಕಿಯ ಕಟ್ಟೆ ಮೇಲಿಟ್ಟಳು. "ಸಾಕು ಕಣೋ," ಎಂದಳು. ಹೆಗಲು ಹಿಡಿದು ಅವನನ್ನು ಮೇಜಿನ ಕಡೆಗೆ ತಿರುಗಿಸಿದಳು. ನೀರು ತೊಟ್ಟಿಕ್ಕುವ ಎರಡು ಕೈಗಳನ್ನೂ ಮುಂದೆ ಹಿಡಿದುಕೊಂಡು ಅವನು ನಿಂತ. ಗುಡ್ರುನ್‌ಳನ್ನು ಕಂಡು, ಹಳೆಯ ಅಭ್ಯಾಸಬಲದಿಂದ, ನೆಟ್ಟಗಾದ.

"ಫ್ರಾವ್ ಡಾಕ್ಟರ್," ಎಂದ. "ಏನಾದ್ರೂ ತಪ್ಪಾಯ್ತಾ?"

"ಇನ್ನೊಂದ್ಸಲ ಹೇಳಿ," ಎಂದಳು ತಾಯಿ ಗುಡ್ರುನ್‌ಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಮೊದಲಿನ ಮೆದುವೂ ಇರಲಿಲ್ಲ. "ನನಗೆ ಹೇಳಿದ್ದನ್ನೇ ಹೇಳಿ. ಒಂದು ಮಾತೂ ಬಿಡ್ಬೇಡಿ."

ಗುಡ್ರುನ್ ಎದ್ದು ನಿಂತಳು. ಮೇಜಿನ ಅಂಚು ಹಿಡಿದುಕೊಂಡಳು. ಅವನ ಮುಖ ನೋಡಲಾಗದೆ ಕೈಗಳನ್ನು ನೋಡಿದಳು, ಆಮೇಲೆ ಮುಖವನ್ನೇ ನೋಡಿದಳು.

"ಎಪ್ಪತ್ತೈದನೇ ಇಸವಿ, ಮಾರ್ಚ್ ತಿಂಗಳು," ಎಂದು ಶುರುಮಾಡಿದಳು. "ನೀವು ಬರೋಕ್ಕೆ ಎರಡು ವರ್ಷ ಮುಂಚೆ."